ಪುಡಿಯಿಂದ ಪದರ, ಪದರದಿಂದ ಬಾಳಿಕೆ

ಪ್ರತಿ ತಿಂಗಳೂ ನಮ್ಮ ಕೈಸೇರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ವಿದ್ಯಾಭ್ಯಾಸ, ವಿವಾಹ, ಮನೆಯ ಹಿರಿಯರ ಆರೋಗ್ಯ ಮೊದಲಾದ ವಿಷಯಗಳಿಗೆ ಸಂಬಂಧಿಸಿದವು. ಈ ಸಲ ಬಂದ ಒಂದು ಪತ್ರ ಮಾತ್ರ ನಮ್ಮನ್ನು ಬೇರೊಂದು ದಾರಿಯ ಯೋಚನೆಗೆ ಹಚ್ಚಿತು. ಬರೆದವರು ಉತ್ತರ ಕರ್ನಾಟಕದ ಹಳ್ಳಿಯೊಂದರ ತಾಯಿ. ಅವರ ಮಗ ಡಿಪ್ಲೊಮಾ ಮುಗಿಸಿ, ದೂರದ ಕೈಗಾರಿಕಾ ಪಟ್ಟಣದಲ್ಲಿ ಎಂಜಿನ್ ಬೇರಿಂಗುಗಳನ್ನು ತಯಾರಿಸುವ ಕಾರ್ಖಾನೆಯನ್ನು ಸೇರಿದ್ದಾನೆ. ಮಗನ ಮನೆಯಲ್ಲಿ ಕೆಲವು ದಿನ ಇದ್ದು ಬಂದ ಆ ತಾಯಿ ಹೀಗೆ ಬರೆಯುತ್ತಾರೆ:

"ಮೂರು ವರ್ಷ ಸಾಲ ಮಾಡಿ ಓದಿಸಿದೆವು. ಹೋಗಿ ನೋಡಿದರೆ ಅವನು ಹಗಲೆಲ್ಲ ಲೋಹದ ಹಿಟ್ಟಿನ ನಡುವೆ ನಿಂತಿರುತ್ತಾನಂತೆ. ಸಂಜೆ ಬಂದಾಗ ಅಂಗಿಯ ತೋಳೆಲ್ಲ ಬೂದು ಬಣ್ಣ. ಬಾಗಿಲಲ್ಲೇ ಎರಡು ವರ್ಷದ ಮೊಮ್ಮಗಳು ಓಡಿಹೋಗಿ ಅವನ ಕಾಲು ತಬ್ಬಿಕೊಳ್ಳುತ್ತಾಳೆ. ಲೋಹವನ್ನು ಕರಗಿಸಿ ಎರಕ ಹೊಯ್ಯುವುದನ್ನು ನಾವು ಕಂಡಿದ್ದೇವೆ. ಪುಡಿ ಹರಡಿ ಬೇಯಿಸುವುದನ್ನು ಕಂಡವರಲ್ಲ. ಇದು ಎಂಥ ಕೆಲಸ? ಊರಿಗೆ ಬಂದುಬಿಡು ಎನ್ನಲೇ, ಅಲ್ಲಿಯೇ ಇರು ಎನ್ನಲೇ?"

ಈ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಇದು ಗೌರವದ ಕೆಲಸವೇ ಎಂಬುದು ಒಂದು. ಇದರಿಂದ ಮಗನಿಗೂ ಮೊಮ್ಮಗಳಿಗೂ ಕೇಡಿಲ್ಲವೇ ಎಂಬುದು ಮತ್ತೊಂದು. ಮೊದಲನೆಯದನ್ನು ಆ ತಾಯಿ ಬಾಯಿಬಿಟ್ಟು ಕೇಳಿದ್ದಾರೆ. ಎರಡನೆಯದನ್ನು ಕೇಳದೆಯೇ ಕೇಳಿದ್ದಾರೆ. ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಇಂಥ ಕಾರ್ಖಾನೆಗಳಲ್ಲಿ ದುಡಿಯುತ್ತಿರುವುದರಿಂದ ಎರಡಕ್ಕೂ ಇಲ್ಲಿಯೇ ಉತ್ತರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಒಂದು ಲೋಹದ ಮೇಲೆ ಮತ್ತೊಂದು ಲೋಹದ ಪದರವನ್ನು ಕೂಡಿಸುವುದು ನಮ್ಮ ಅಡುಗೆಮನೆಗಳಿಗೆ ಹೊಸದಲ್ಲ. ತಾಮ್ರದ ಹಂಡೆ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದ ಕಾಲವನ್ನು ಹಿರಿಯರು ನೆನೆಯಬಹುದು. ತಾಮ್ರ ಬೇಗ ಕಾಯುತ್ತದೆ, ಬಹುಕಾಲ ಬಾಳುತ್ತದೆ. ಆದರೆ ಹುಳಿ ಪದಾರ್ಥವನ್ನು ಕೆಡಿಸುತ್ತದೆ. ತವರ ಹುಳಿಗೆ ಅಷ್ಟಾಗಿ ಹೆದರದು; ಆದರೆ ತವರದಿಂದಲೇ ಪಾತ್ರೆ ಮಾಡಿದರೆ ಅದು ಒಲೆಯ ಮೇಲೆ ನಿಲ್ಲಲಾರದು. ಎರಡನ್ನೂ ಕೂಡಿಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಲಾಯಿಗಾರನು ಪಾತ್ರೆಯನ್ನು ಕಾಯಿಸಿ, ಮೊದಲು ನವಸಾಗರದ ಪುಡಿಯನ್ನು ಉದುರಿಸಿ ತಿಕ್ಕುತ್ತಿದ್ದನು. ಬಿಳಿಯ ಹೊಗೆ ಏಳುತ್ತಿತ್ತು, ಪಾತ್ರೆಯ ಒಳಮೈ ಬೆಳಗುತ್ತಿತ್ತು. ಅನಂತರವೇ ತವರ ಹಿಡಿಯುತ್ತಿತ್ತು. ಕಿಲುಬು ಉಳಿದ ಕಡೆ ಕಲಾಯಿ ನಿಲ್ಲುವುದಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಪುಡಿಯನ್ನು ಕರಗಿಸದೆಯೇ ಗಟ್ಟಿ ಮಾಡುವುದೂ ನಮಗೆ ಹೊಸದಲ್ಲ. ಕುಂಬಾರನು ಹಸಿ ಮಡಕೆಯನ್ನು ಆವಿಗೆಯಲ್ಲಿ ಸುಡುತ್ತಾನೆ. ಮಣ್ಣು ಅಲ್ಲಿ ನೀರಾಗಿ ಹರಿಯುವುದಿಲ್ಲ. ಮಡಕೆಯ ಆಕಾರ ಮಡಕೆಯದಾಗಿಯೇ ಉಳಿಯುತ್ತದೆ. ಆದರೂ ಬೆಂಕಿಯಿಂದ ಹೊರಬಂದ ಮೇಲೆ ಅದು ನೀರಿನಲ್ಲಿ ಕದಡುವ ಮಣ್ಣಲ್ಲ. ಕಣಕ್ಕೆ ಕಣ ಅಂಟಿ ಅದು ಒಂದೇ ಮೈಯಾಗಿದೆ. ಲೋಹದ ಪುಡಿಗೂ ಹೀಗೆಯೇ ಮಾಡಬಹುದು. ಪುಡಿಯನ್ನು ಹರಡಿ ಅಥವಾ ಅಚ್ಚಿನಲ್ಲಿ ಒತ್ತಿ, ಅದು ಕರಗುವ ಮಟ್ಟಕ್ಕಿಂತ ಕೆಳಗಿನ ಶಾಖದಲ್ಲಿ ಬೇಯಿಸಿದರೆ, ಕಣಗಳು ತಾಗಿದ ಕಡೆಗಳಲ್ಲಿ ಪರಮಾಣುಗಳು ಮೆಲ್ಲಗೆ ಸರಿದಾಡತೊಡಗುತ್ತವೆ. ಎರಡು ಕಣಗಳ ನಡುವೆ ಮೊದಲು ಒಂದು ಸಣ್ಣ ಕತ್ತು ಮೂಡುತ್ತದೆ. ಅದು ಕ್ರಮೇಣ ದಪ್ಪಗಾಗುತ್ತದೆ. ನಡುವಿನ ಪೊಳ್ಳು ಕಿರಿದಾಗುತ್ತದೆ. ಈ ಕ್ರಿಯೆಗೆ ಸಿಂಟರಿಂಗ್ ಎಂದು ಹೆಸರು.

ಇನ್ನು ಆ ತಾಯಿಯ ಮಗ ಮಾಡುವ ಕೆಲಸಕ್ಕೆ ಬರೋಣ. ಹೊಲದ ಡೀಸೆಲ್ ಪಂಪ್‌ಸೆಟ್ಟಿರಲಿ, ಟ್ರ್ಯಾಕ್ಟರ್ ಇರಲಿ, ನಾವು ದಿನವೂ ಏರುವ ಬಸ್ಸಿರಲಿ, ಅದರ ಎಂಜಿನ್ನಿನೊಳಗೆ ಕ್ರ್ಯಾಂಕ್‌ಶಾಫ್ಟ್ ಎಂಬ ಉಕ್ಕಿನ ದಂಡವು ನಿಮಿಷಕ್ಕೆ ನೂರಾರು, ಸಾವಿರಾರು ಸುತ್ತು ತಿರುಗುತ್ತದೆ. ಇಂಧನ ಉರಿದಾಗ ಹುಟ್ಟುವ ಹೊಡೆತವೆಲ್ಲ ಅದರ ಮೇಲೆ ಬೀಳುತ್ತದೆ. ಆ ದಂಡವನ್ನು ಹಿಡಿದು ನಿಲ್ಲಿಸುವುದು ಬಿದಿರಿನ ಗಳುವನ್ನು ಉದ್ದಕ್ಕೆ ಸೀಳಿದಂತೆ ಕಾಣುವ ಎರಡು ತೆಳ್ಳನೆಯ ಅರೆ ಶೆಲ್‌ಗಳು. ಮೆಕ್ಯಾನಿಕ್ ಎಂಜಿನ್ ಬಿಚ್ಚಿದಾಗ ಅವನ್ನು ತೆಗೆದು ಬದಿಗಿಡುವುದನ್ನು ನಾವೂ ಎಷ್ಟೋ ಸಲ ನೋಡಿದ್ದೆವು. ಅದು ಒಂದೇ ಲೋಹದ ತಗಡೆಂದೇ ನಮ್ಮ ತಿಳಿವಳಿಕೆಯಾಗಿತ್ತು. ಒಮ್ಮೆ ಅನುಭವಸ್ಥ ಮೆಕ್ಯಾನಿಕ್ ಒಬ್ಬರು ಸವೆದ ಶೆಲ್ಲೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೂದು ಮೈಯ ನಡುವೆ ಅಲ್ಲಲ್ಲಿ ತಾಮ್ರದ ಕೆಂಪು ಕಾಣುತ್ತಿತ್ತು. "ಕೆಂಪು ಕಂಡಿತೆಂದರೆ ಮೇಲಿನ ಪದರ ತೀರಿತು ಅಂತ ತಿಳಿಯಿರಿ ಸರ್" ಎಂದರು. ಅಂದು ನಮಗೆ ಆ ತಗಡಿನ ಒಳಗುಟ್ಟು ತಿಳಿಯಿತು.

ಆ ಶೆಲ್ಲಿನ ಬೆನ್ನು ಉಕ್ಕಿನದು. ಅದರ ಒಳಮೈಗೆ ಅರ್ಧ ಮಿಲಿಮೀಟರಿಗೂ ಕಡಿಮೆ ದಪ್ಪದ ತಾಮ್ರ ಮತ್ತು ಸೀಸದ ಪದರ. ಅದರ ಮೇಲೆ ಸೀಸ ಮತ್ತು ತವರ ಬೆರೆತ, ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಅಳೆಯಬೇಕಾದ ಇನ್ನೊಂದು ಪದರ. ಇವೆರಡರ ನಡುವೆ ತವರವು ತಾಮ್ರದೊಳಗೆ ಇಳಿದುಹೋಗದಂತೆ ತಡೆಯಲು ನಿಕಲ್ಲಿನ ಒಂದು ತೀರ ತೆಳುವಾದ ಅಡ್ಡತಡೆ. ಬಹುಕಾಲ ಬಳಕೆಯಲ್ಲಿರುವ ಕ್ರಮ ಇದು.

ಇಷ್ಟು ಪದರಗಳೇಕೆ? ಉಕ್ಕಿನ ಮೇಲೆ ಉಕ್ಕು ಉಜ್ಜಿದರೆ ಎಣ್ಣೆ ತಪ್ಪಿದ ಕ್ಷಣವೇ ಎರಡೂ ಕಚ್ಚಿಕೊಂಡು ಎಂಜಿನ್ ಜಾಮ್ ಆಗುತ್ತದೆ. ಬರಿಯ ಸೀಸವಾದರೆ ಮೆತ್ತಗೆ ಜಾರುತ್ತದೆ, ಆದರೆ ಹೊಡೆತಕ್ಕೆ ಹಿಟ್ಟಿನಂತೆ ಒತ್ತಿಹೋಗುತ್ತದೆ. ಆದುದರಿಂದ ಆಕಾರ ಕೆಡದಂತೆ ಹಿಡಿಯುವ ಕೆಲಸ ಉಕ್ಕಿಗೆ, ಭಾರ ಹೊರುವ ಕೆಲಸ ತಾಮ್ರಕ್ಕೆ, ಎಂಜಿನ್ ಚಾಲೂ ಮಾಡುವ ಹೊತ್ತಿನಲ್ಲಿ ಎಣ್ಣೆ ಇನ್ನೂ ಏರದಿರುವಾಗ ಜಾರಿಸಿ ಕಾಯುವ ಕೆಲಸ ಸೀಸಕ್ಕೆ. ಎಣ್ಣೆಯೊಡನೆ ಬಂದ ಮರಳಿನ ಸಣ್ಣ ಕಣವನ್ನು ತನ್ನೊಳಗೆ ಹುದುಗಿಸಿಕೊಂಡು ಶಾಫ್ಟಿಗೆ ಗೀರು ಬೀಳದಂತೆ ನೋಡಿಕೊಳ್ಳುವುದೂ ಆ ಮೆತ್ತನೆಯ ಮೇಲ್ಪದರದ್ದೇ.

ಇಲ್ಲಿಯೇ ಪುಡಿಯ ಮಹತ್ವ ತಿಳಿಯುವುದು. ತಾಮ್ರ ಮತ್ತು ಸೀಸ ಸ್ವಭಾವತಃ ಹೊಂದಿಕೊಳ್ಳದ ಲೋಹಗಳು. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ, ಸೀಸವಾದರೋ 327 ಡಿಗ್ರಿಗೇ. ಎರಡನ್ನೂ ಕರಗಿಸಿ ಮೆಲ್ಲಗೆ ಆರಲು ಬಿಟ್ಟರೆ ಭಾರವಾದ ಸೀಸ ಬೇರ್ಪಟ್ಟು ಕೆಳಗೆ ಇಳಿಯುತ್ತದೆ. ಉಕ್ಕಿನ ಮೇಲೆ ನೇರವಾಗಿ ಎರಕ ಹೊಯ್ದೂ ಇಂಥ ಬೇರಿಂಗುಗಳನ್ನು ಮಾಡುವುದುಂಟು. ಆದರೆ ಆಗ ಬಹಳ ಬೇಗ ತಣಿಸಿ ಸೀಸವನ್ನು ಇದ್ದಲ್ಲೇ ಹಿಡಿಯಬೇಕು. ಪುಡಿಯ ವಿಧಾನದಲ್ಲಿ ಈ ಕೆಲಸ ಮೊದಲೇ ಮುಗಿದಿರುತ್ತದೆ. ಕರಗಿದ ಮಿಶ್ರಣವನ್ನು ಸಣ್ಣ ಧಾರೆಯಾಗಿ ಬಿಟ್ಟು, ಅದರ ಮೇಲೆ ನೀರನ್ನೋ ಅನಿಲವನ್ನೋ ರಭಸದಿಂದ ಚಿಮ್ಮಿಸುತ್ತಾರೆ. ಧಾರೆ ಒಡೆದು, ಸಣ್ಣ ಹನಿಗಳಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗುತ್ತದೆ. ಬೇರ್ಪಡಲು ಸೀಸಕ್ಕೆ ವೇಳೆಯೇ ಇಲ್ಲ. ಪ್ರತಿ ಕಣದೊಳಗೂ ಅದು ಚುಕ್ಕೆ ಚುಕ್ಕೆಯಾಗಿ ಹಂಚಿಹೋಗಿರುತ್ತದೆ.

ಬಳಿಕ ಉಕ್ಕಿನ ಉದ್ದನೆಯ ಪಟ್ಟಿಯನ್ನು ಎಣ್ಣೆ, ತುಕ್ಕು ಇಲ್ಲದಂತೆ ಶುಚಿಗೊಳಿಸಿ, ಅದರ ಮೇಲೆ ಪುಡಿಯನ್ನು ಒಂದೇ ದಪ್ಪದಲ್ಲಿ ಹರಡುತ್ತಾರೆ. ಪಟ್ಟಿಯು ಸುಮಾರು 800 ರಿಂದ 850 ಡಿಗ್ರಿ ಶಾಖದ ಕುಲುಮೆಯೊಳಗೆ ಸಾಗುತ್ತದೆ. ಆ ಕುಲುಮೆಯಲ್ಲಿ ಹೊರಗಿನ ಗಾಳಿಗೆ ಪ್ರವೇಶವಿಲ್ಲ. ಜಲಜನಕವಿರುವ ಅನಿಲವನ್ನು ತುಂಬಿ, ಕಣಗಳ ಮೇಲಿನ ಕಿಲುಬನ್ನು ತೆಗೆಯುತ್ತಾರೆ. ಕಲಾಯಿಗಾರನ ನವಸಾಗರ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಈ ಅನಿಲ ಮಾಡುತ್ತದೆ! ಆ ಶಾಖದಲ್ಲಿ ಉಕ್ಕು ಕರಗದು, ತಾಮ್ರವೂ ಕರಗದು. ಸೀಸ ಮಾತ್ರ ಕರಗಿ ತಾಮ್ರದ ಹಂದರದೊಳಗೆ ನಿಂತಿರುತ್ತದೆ. ತಾಮ್ರದ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಕೆಳಗಿನ ಉಕ್ಕಿಗೂ ಬೆಸೆದುಕೊಳ್ಳುತ್ತವೆ. ಹೊರಬಂದ ಪಟ್ಟಿಯನ್ನು ಉರುಳೆಗಳ ನಡುವೆ ಒತ್ತಿ ಪೊಳ್ಳುಗಳನ್ನು ಮುಚ್ಚುತ್ತಾರೆ. ಮತ್ತೊಮ್ಮೆ ಬೇಯಿಸಿ, ಮತ್ತೊಮ್ಮೆ ಒತ್ತುತ್ತಾರೆ. ಆಮೇಲೆ ಕತ್ತರಿಸಿ, ಬಗ್ಗಿಸಿ, ಹೆರೆದು, ಮೇಲಿನ ತೆಳುಪದರವನ್ನು ವಿದ್ಯುಲ್ಲೇಪನದಿಂದ ಕೊಡುತ್ತಾರೆ.

ಹರಡಿದ ಪುಡಿ ಒಂದು ಕಡೆ ತೆಳುವಾದರೆ, ಕುಲುಮೆಯ ಶಾಖ ಏರಿದರೆ ಅಥವಾ ಇಳಿದರೆ, ಅನಿಲದಲ್ಲಿ ತೇವ ಉಳಿದರೆ, ಪದರ ಬೆನ್ನಿಗೆ ಹಿಡಿಯುವುದಿಲ್ಲ. ಹೊರಗಣ್ಣಿಗೆ ಅದು ಕಾಣಿಸದು. ಎಲ್ಲೋ ಒಂದು ಘಟ್ಟದ ತಿರುವಿನಲ್ಲಿ, ತುಂಬಿದ ಬಸ್ಸಿನ ಎಂಜಿನ್ನಿನೊಳಗೆ ಆ ಪದರ ಕಳಚಿದಾಗಲೇ ತಿಳಿಯುತ್ತದೆ. ತಾಯಿ, ನಿಮ್ಮ ಮಗ ಹರಡುವ ಪುಡಿಯ ಮೇಲೆ ಎಷ್ಟು ಜನರ ಪ್ರಯಾಣ ನಿಂತಿದೆಯೆಂಬುದನ್ನು ಯೋಚಿಸಿರಿ. ನಿಮ್ಮ ಮೊದಲನೆಯ ಪ್ರಶ್ನೆಗೆ ಇದೇ ನಮ್ಮ ಉತ್ತರ.

ಈ ವಿದ್ಯೆ ಇಂದು ನಿನ್ನೆಯದೂ ಅಲ್ಲ. ದಕ್ಷಿಣ ಅಮೆರಿಕದ ಇಂದಿನ ಈಕ್ವೆಡಾರ್ ಮತ್ತು ಕೊಲಂಬಿಯಾ ದೇಶಗಳ ಕರಾವಳಿಯ ಜನರು, ಯುರೋಪಿಯನ್ನರು ಅಲ್ಲಿಗೆ ಕಾಲಿಡುವುದಕ್ಕೆ ಎಷ್ಟೋ ಶತಮಾನ ಮುನ್ನವೇ, ಪ್ಲಾಟಿನಂ ಲೋಹದ ಒಡವೆಗಳನ್ನು ಮಾಡುತ್ತಿದ್ದರು. ಪ್ಲಾಟಿನಂ ಕರಗಲು 1768 ಡಿಗ್ರಿ ಶಾಖ ಬೇಕು. ಅವರ ಊದುಗೊಳವೆಯ ಬೆಂಕಿಗೆ ಅದು ಎಟುಕದ ಮಾತು. ಅವರು ಪ್ಲಾಟಿನಂ ಕಣಗಳೊಡನೆ ಸ್ವಲ್ಪ ಚಿನ್ನದ ಪುಡಿಯನ್ನು ಬೆರೆಸಿ ಕಾಯಿಸಿದರು. ಚಿನ್ನ ಕರಗಿ ಕಣಗಳನ್ನು ಹಿಡಿಯಿತು. ಕಾಯಿಸುತ್ತ, ಬಡಿಯುತ್ತ, ಮತ್ತೆ ಕಾಯಿಸುತ್ತ ಅದನ್ನು ಒಂದೇ ಮೈಯಾಗಿಸಿದರು. ಚಿನ್ನದ ಒಡವೆಯ ಮೇಲೆ ಪ್ಲಾಟಿನಮ್ಮಿನ ಪದರವನ್ನೂ ಕೂರಿಸಿದರು. 1930ರ ದಶಕದಲ್ಲಿ ಪಾಲ್ ಬೆರ್ಗ್ಸೊ ಎಂಬ ಡೆನ್ಮಾರ್ಕಿನ ಲೋಹತಜ್ಞರು ಆ ಒಡವೆಗಳನ್ನು ಪರೀಕ್ಷಿಸಿ ಈ ಕ್ರಮವನ್ನು ವಿವರಿಸಿದರು.

ಬೇರೆ ಬೇರೆ ಲೋಹಗಳನ್ನು ಕೂಡಿಸುವಾಗ ಒಂದು ತೊಡಕುಂಟು. ಕಾದಾಗ ತಾಮ್ರ ಹಿಗ್ಗುವಷ್ಟು ಉಕ್ಕು ಹಿಗ್ಗುವುದಿಲ್ಲ. ಬೇರಿಂಗಿನಲ್ಲಿ ತಾಮ್ರದ ಪದರ ತೆಳುವಾಗಿಯೂ ಮೆದುವಾಗಿಯೂ ಇರುವುದರಿಂದ ಎಳೆತವನ್ನು ಸಹಿಸಿಕೊಳ್ಳುತ್ತದೆ. ಆದರೆ ಲೋಹದ ಮೇಲೆ ಪಿಂಗಾಣಿಯಂಥ ಬಿರುಸಾದ ವಸ್ತುವಿನ ದಪ್ಪ ಪದರ ಕೂಡಿಸಿದರೆ ಸಂದಿಯಲ್ಲಿಯೇ ಬಿರುಕು ಬಿಡುತ್ತದೆ. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಬಾಹ್ಯಾಕಾಶ ವಿಮಾನದ ಯೋಜನೆಯೊಂದರ ಸಲುವಾಗಿ ಇದಕ್ಕೆ ಒಂದು ಉಪಾಯವನ್ನು ಮುಂದಿಟ್ಟರು. ಒಂದು ಬದಿಗೆ ಪೂರ್ತಿ ಪಿಂಗಾಣಿ, ಇನ್ನೊಂದು ಬದಿಗೆ ಪೂರ್ತಿ ಲೋಹ. ನಡುವೆ ಒಂದನ್ನು ಮೆಲ್ಲಗೆ ತಗ್ಗಿಸುತ್ತ, ಇನ್ನೊಂದನ್ನು ಏರಿಸುತ್ತ ಹೋಗುವ ಪದರಗಳು. ಹೀಗೆ ಮಾಡಲು ಪುಡಿಗಿಂತ ಅನುಕೂಲವಾದುದಿಲ್ಲ. ಪದರದಿಂದ ಪದರಕ್ಕೆ ಬೆರಕೆಯ ಪ್ರಮಾಣವನ್ನು ಬದಲಿಸಿದರಾಯಿತು. ಭಿನ್ನ ಸ್ವಭಾವದವರನ್ನು ಒಂದೇ ದಿನದಲ್ಲಿ ಹೊಂದಿಸಲು ಹೊರಟು ಸೋತ ಮನೆಯ ಹಿರಿಯರಿಗೆ ಈ ಉಪಾಯದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರಿಸುವಾಗ ನಾವು ಸವಿಮಾತಿನಿಂದ ತೇಲಿಸಿಬಿಡಲಾರೆವು. ಆ ಬೂದು ಪುಡಿಯಲ್ಲಿ ಸೀಸವಿದ್ದರೆ ಅದು ವಿಷವೇ ಸರಿ. ಈ ಬಗೆಯ ಮಿಶ್ರಣದಲ್ಲಿ ನೂರಕ್ಕೆ 20 ಭಾಗಕ್ಕೂ ಮಿಕ್ಕಿ ಸೀಸವಿರುವುದುಂಟು. ಗಟ್ಟಿಯಾದ ಬೇರಿಂಗನ್ನು ಕೈಯಲ್ಲಿ ಹಿಡಿದುದರಿಂದ ಭಯವಿಲ್ಲ. ಭಯವಿರುವುದು ಉಸಿರಿನೊಡನೆ ಒಳಹೋಗುವ ದೂಳಿನಿಂದ, ತೊಳೆಯದ ಕೈಯಿಂದ ಬಾಯಿ ಸೇರುವ ಕಣದಿಂದ. ಮೈಯೊಳಗೆ ಹೋದ ಸೀಸವು ಸುಣ್ಣದ ಅಂಶದಂತೆ ಎಲುಬನ್ನು ಸೇರಿ ವರ್ಷಗಟ್ಟಲೆ ಅಲ್ಲಿಯೇ ನೆಲೆಸುತ್ತದೆ. ನರ, ರಕ್ತ, ಮೂತ್ರಪಿಂಡಗಳಿಗೆ ಅದರಿಂದ ಹಾನಿ. ದೊಡ್ಡವರಿಗಿಂತ ಮಕ್ಕಳ ದೇಹ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಆದ ನಷ್ಟ ಮರಳಿ ತುಂಬುವಂಥದಲ್ಲ. ಇಷ್ಟು ಸೀಸವಾದರೆ ಕೇಡಿಲ್ಲ ಎಂಬ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನವೂ ಸಂಜೆ ಬಾಗಿಲಲ್ಲಿ ಆ ಕಾಲನ್ನು ತಬ್ಬಿಕೊಳ್ಳುವ ಕೂಸಿನ ಚಿತ್ರ ನಮ್ಮ ಮನಸ್ಸನ್ನು ಬಿಡದಿರುವುದು ಇದೇ ಕಾರಣದಿಂದ.

ಸೀಸದ ವಿಷವನ್ನು ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯೇ ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. 2000ದಲ್ಲಿ ದೇಶಾದ್ಯಂತ ಪೆಟ್ರೋಲಿನಿಂದ ಸೀಸವನ್ನು ಬಿಡಿಸಲಾಯಿತು. ಯುರೋಪಿನ ದೇಶಗಳು 2000ದ ನಿಯಮವೊಂದರಿಂದ ವಾಹನಗಳಲ್ಲಿ ಸೀಸದ ಬಳಕೆಯನ್ನು ಬಿಗಿಗೊಳಿಸಿದವು; ಎಂಜಿನ್ ಬೇರಿಂಗುಗಳಿಗೆ ಕೊಟ್ಟಿದ್ದ ವಿನಾಯಿತಿಯೂ 2011ರ ಜುಲೈಗೆ ಮುಗಿಯಿತು. ಸೀಸದ ಬದಲು ಬಿಸ್ಮತ್ ಸೇರಿಸಿದ ತಾಮ್ರದ ಪದರಗಳು, ಅಲ್ಯೂಮಿನಿಯಂ ಮತ್ತು ತವರದ ಪದರಗಳು ಬಳಕೆಗೆ ಬಂದಿವೆ. ಆದುದರಿಂದ ಮಗ ಮೊದಲು ಕೇಳಿ ತಿಳಿಯಬೇಕಾದುದು, ತನ್ನ ಕೈಯ ಪುಡಿಯಲ್ಲಿ ಸೀಸವಿದೆಯೇ ಇಲ್ಲವೇ ಎಂಬುದನ್ನು. ಇದನ್ನು ಕೇಳುವುದು ಉದ್ಧಟತನವಲ್ಲ, ದುಡಿಯುವವನ ಹಕ್ಕು.

ಇದೆಯೆಂದಾದರೆ ಮನೆಯವರೆಲ್ಲರೂ ನಡೆಸಬೇಕಾದ ಕೆಲವು ಕ್ರಮಗಳಿವೆ. ಕೆಲಸದ ಬಟ್ಟೆ, ಬೂಟು ಕಾರ್ಖಾನೆಯಲ್ಲಿಯೇ ಉಳಿಯಬೇಕು. ಅಲ್ಲಿಯೇ ಸೋಪಿನಿಂದ ಕೈ, ಮುಖ ತೊಳೆದು, ಸಾಧ್ಯವಿದ್ದರೆ ಸ್ನಾನ ಮಾಡಿ, ಬೇರೆ ಬಟ್ಟೆ ತೊಟ್ಟು ಮನೆಗೆ ಬರಬೇಕು. ಅನಿವಾರ್ಯವಾಗಿ ಆ ಬಟ್ಟೆ ಮನೆಗೆ ಬಂದರೆ ಅದನ್ನು ಕೊಡವಬಾರದು. ಮಗುವಿನ ಬಟ್ಟೆಗಳೊಡನೆ ನೆನೆಹಾಕದೆ ಬೇರೆಯಾಗಿಯೇ ಒಗೆಯಬೇಕು. ಕೆಲಸದ ಜಾಗದಲ್ಲಿ ಊಟ, ಚಹ, ಎಲೆ ಅಡಿಕೆ, ಬೀಡಿ ಯಾವುದೂ ಕೂಡದು. ದೂಳನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ದೂಳು ತಡೆಯುವ ಸರಿಯಾದ ಮುಖವಾಡ ಬೇಕು, ದೂಳು ಹೀರುವ ಯಂತ್ರ ಕೆಲಸ ಮಾಡುತ್ತಿರಬೇಕು. ಸುಣ್ಣದ ಅಂಶ, ಕಬ್ಬಿಣದ ಅಂಶ ಕೊರತೆಯಾದ ಮಕ್ಕಳು ಸೀಸವನ್ನು ಇನ್ನಷ್ಟು ಹೀರಿಕೊಳ್ಳುವುದರಿಂದ, ಹಾಲು, ರಾಗಿ, ಸೊಪ್ಪು, ಕಾಳು ಮೊಮ್ಮಗಳ ತಟ್ಟೆಯಲ್ಲಿ ತಪ್ಪದಿರಲಿ.

ಎಲ್ಲಕ್ಕೂ ಮೊದಲು, ತಂದೆಗೂ ಮಗುವಿಗೂ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿರಿ. 100 ಮಿಲಿಲೀಟರ್ ರಕ್ತದಲ್ಲಿ 5 ಮೈಕ್ರೊಗ್ರಾಂ ಅಥವಾ ಹೆಚ್ಚು ಸೀಸ ಕಂಡುಬಂದರೆ, ಅದು ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದೆ. ನೋವು, ಸುಸ್ತು ಕಾಣಿಸಲಿ ಎಂದು ಕಾಯುವುದು ಸಲ್ಲದು. ಮಕ್ಕಳಲ್ಲಿ ಯಾವ ಲಕ್ಷಣವನ್ನೂ ತೋರದೆಯೇ ಸೀಸ ತನ್ನ ಕೆಲಸ ಮಾಡುತ್ತದೆ. ಪರೀಕ್ಷೆಯಲ್ಲಿ ಅಂಕಿ ಹೆಚ್ಚಿದ್ದು, ಮೇಲೆ ಹೇಳಿದ ಕ್ರಮಗಳಿಗೆ ಕಾರ್ಖಾನೆಯವರು ಒಪ್ಪದೇ ಹೋದರೆ, ಆಗ ಮಗನನ್ನು ಬೇರೆ ಕಡೆಗೆ ಹೋಗೆನ್ನುವುದೇ ಸರಿ. ಅವನು ಕಲಿತ ವಿದ್ಯೆ ಅಲ್ಲಿಗೇ ಮುಗಿಯುವುದಿಲ್ಲ. ಮಿಕ್ಸರಿನೊಳಗೆ ಎಣ್ಣೆ ಹೀರಿ ಕುಳಿತಿರುವ ಕಂಚಿನ ಬುಷ್‌ಗಳಿಂದ ಮೊದಲುಗೊಂಡು ಉಕ್ಕನ್ನು ಕೊರೆಯುವ ಕಾರ್ಬೈಡ್ ಉಪಕರಣಗಳವರೆಗೆ ಪುಡಿಯಿಂದಲೇ ತಯಾರಾಗುವ ವಸ್ತುಗಳು ಅನೇಕವಿವೆ. ಮುಂದೆ ಓದುವ ಹಂಬಲವಿದ್ದರೆ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹ ಮತ್ತು ವಸ್ತುಗಳ ವಿಭಾಗಗಳಿವೆ. ಹೈದರಾಬಾದಿನಲ್ಲಿ ಪುಡಿ ಲೋಹವಿಜ್ಞಾನಕ್ಕೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಿದೆ.

ಆದುದರಿಂದ ತಾಯಿ, ನೆರೆಯವರ ಮಾತಿಗೆ ನಾಚಿ ಮಗನನ್ನು ಊರಿಗೆ ಕರೆಯಬೇಡಿರಿ. ಅವನ ಕೆಲಸ ಕಲಾಯಿಗಾರನ, ಕುಂಬಾರನ ಕೆಲಸಗಳ ವಂಶದ್ದೇ. ನಾಲ್ಕು ಜನರ ಪ್ರಯಾಣ ಸುಖವಾಗಿರಲೆಂದು ಮಾಡುವಂಥದು. ಆದರೆ ಈ ಸಂಚಿಕೆ ಕೈಸೇರಿದ ದಿನವೇ ಅವನಿಗೆ ಫೋನ್ ಮಾಡಿ, ಪುಡಿಯಲ್ಲಿ ಸೀಸವಿದೆಯೇ ಎಂದು ಕೇಳಿರಿ. ಸೊಸೆಗೂ ಬಟ್ಟೆಯ ಮಾತನ್ನು ತಿಳಿಸಿರಿ. ಮಗಳು ಓಡಿಬಂದಾಗ ಅವನು ಎರಡು ಹೆಜ್ಜೆ ಹಿಂದೆ ಸರಿಯುವಂತಾಗದಿರಲಿ. ತೊಳೆದ ಕೈಯಿಂದ, ಮಡಿ ಬಟ್ಟೆಯಲ್ಲಿ ಅವಳನ್ನು ಎತ್ತಿಕೊಳ್ಳುವಂತಾಗಲಿ. ರಕ್ತ ಪರೀಕ್ಷೆಯ ಫಲ ಬಂದ ಮೇಲೆ ನಮಗೂ ಒಂದು ಸಾಲು ಬರೆಯಿರಿ. ಆ ಕಾಗದದ ಹಾದಿಯನ್ನು ನಾವು ಕಾಯುತ್ತಿರುತ್ತೇವೆ.